ಕಡ್ಡಿಪೆಟ್ಟಿಗೆಯ ಒಲೆ

ಅಂಕಲಗಿ, ತಾ. ಗೋಕಾಕ
೧೮ ನವೆಂಬರ್ ೨೦೨೫, ಮಂಗಳವಾರ

ಚಿ. ಸೌ. ದೀಪಾ,

ನಿನ್ನ ಅತ್ತೆಯ ಆಶೀರ್ವಾದ ಮೊದಲು. ಬೈಗುಳವೇನಾದರೂ ಇದ್ದರೆ ಆಮೇಲೆ ಬರುತ್ತದೆ. ಹೇಗಿದ್ದೀಯ? ಕರದಂಟು ಮಾಡುವ ಕೆಲಸದಲ್ಲಿ ಬೆಲ್ಲದ ಪಾಕ ಸಿಡಿದು ಸುಟ್ಟುಕೊಂಡಿದ್ದ ಕೈ ಮಾಯಿತೇ? ಹೋದ ತಿಂಗಳು ನಾನು ಗೋಕಾಕಕ್ಕೆ ಬಂದಾಗ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ನನಗೆ ಚಹಾ ಕೊಟ್ಟೆ. ನಾನೂ ನೋಡದವಳಂತೆ ಕುಡಿದೆ. ಕೇಳಿದ್ದರೆ ನೀನು ‘ಏನೂ ಆಗಿಲ್ಲ ಬಿಡ್ರಿ ಅತ್ತಿ’ ಅನ್ನುತ್ತಿದ್ದೆ, ನನಗೆ ಸಿಟ್ಟು ಬರುತ್ತಿತ್ತು, ಕೂಸು ಪದ್ಮಶ್ರೀ ಎದುರಿಗೆ ನಾವಿಬ್ಬರೂ ಮತ್ತೆ ಶುರು ಮಾಡುತ್ತಿದ್ದೆವು. ಕೊಬ್ಬರಿ ಎಣ್ಣೆ ಹಚ್ಚು, ಉಪ್ಪುನೀರು ತಾಗಿಸಬೇಡ. ಕೂಸಿನ ಕೆಮ್ಮು ಕಡಿಮೆಯಾಯಿತೇ? ಸಿದ್ರಾಯ ಗೋಡೆ ಹಿಡಿಯದೆ ನಡೆಯುತ್ತಾನೆಯೇ? ಈ ಚಳಿಗೆ ಅವನ ಕಾಲೊಳಗಿನ ರಾಡು ಬೇನೆ ಕೊಡುತ್ತಿರಬೇಕು. ಕಟ್ಟಡದ ಗೋಡೆಗೆ ಗಿಲಾವು ಮಾಡುತ್ತ ಮೇಲಿಂದ ಬಿದ್ದವನು ಇಷ್ಟಾದರೂ ಉಳಿದನಲ್ಲ ಎಂದು ಒಂದು ಸಲ ಸಮಾಧಾನ ಮಾಡಿಕೊಳ್ಳುತ್ತೇನೆ, ಮರುಗಳಿಗೆಗೆ ಆ ಸಮಾಧಾನ ಹಾರಿಹೋಗುತ್ತದೆ. ಹೆತ್ತವಳಿಗೆ ಮಗನ ಕಾಲು ಅಂದರೆ ಇನ್ನೂ ತೊಟ್ಟಿಲಲ್ಲಿ ಒದೆಯುತ್ತಿದ್ದ ಕಾಲೇ. ಅವನಿಗೆ ಹೇಳು, ಮನೆಯಲ್ಲಿ ಕೂತಿದ್ದೇನೆ ಎಂದು ಬೇಜಾರು ಮಾಡಿಕೊಳ್ಳಬಾರದು. ಸಂಕ್ರಾಂತಿ ಆದಮೇಲೆ ಬೆಳಗಾವಿಯಲ್ಲಿ ಎರಡನೆಯ ಆಪರೇಷನ್ ಆದರೆ ಎಲ್ಲ ಸರಿಹೋಗುತ್ತದೆ.

ನಾವಿಲ್ಲಿ ಇದ್ದೇವೆ. ನನ್ನ ಮೊಳಕಾಲು ಕೂತರೆ ಏಳಗೊಡುವುದಿಲ್ಲ, ಎದ್ದರೆ ಕೂಡಗೊಡುವುದಿಲ್ಲ. ನಿನ್ನ ಮಾವ ಈ ವರ್ಷ ಕುರಿ ಹೊಡೆದುಕೊಂಡು ಹುಕ್ಕೇರಿ ಕಡೆ ಹೋಗಲಿಲ್ಲ. ಕೊಣ್ಣೂರ ಹತ್ತಿರ ಕಬ್ಬು ಕಡಿದ ಹೊಲಗಳಲ್ಲೇ ಕುರಿ ತರುಬಿ ನಿಲ್ಲಿಸಿದ್ದಾರೆ, ಆಗಾಗ ಮನೆಗೆ ಬಂದು ಬಿಸಿ ರೊಟ್ಟಿ ಉಂಡು ಮತ್ತೆ ಹೋಗುತ್ತಾರೆ. ಬಿ.ಪಿ. ಗುಳಿಗೆ ನುಂಗುವುದನ್ನು ಮರೆಯುತ್ತಾರೆ, ಕೇಳಿದರೆ ‘ಕುರಿ ಯಾವತ್ತರ ಗುಳಿಗಿ ನುಂಗ್ಯಾವೇನು’ ಅನ್ನುತ್ತಾರೆ. ನನ್ನ ಗೃಹಲಕ್ಷ್ಮಿ ರೊಕ್ಕದಲ್ಲಿ ಕೊಂಡ ಹೆಣ್ಣುಮರಿಗಳು ಈಗ ದೊಡ್ಡವಾಗಿವೆ. ನಿನ್ನ ಮಾವ ಅವುಗಳನ್ನು ‘ಸರಕಾರದ ಕುರಿ’ ಎಂದೇ ಕರೆಯುತ್ತಾರೆ. ಹೆಸರಿಗೆ ತಕ್ಕಂತೆ ಅವೂ ಕರೆದಾಗ ಬರುವುದಿಲ್ಲ, ತಮಗೆ ಬೇಕಾದಾಗ ಬರುತ್ತವೆ.

ಫೋನು ಇರುವಾಗ ಇದೇನು ಕಾಗದ ಅನ್ನುತ್ತೀಯ. ಫೋನಿನಲ್ಲಿ ಮಾತು ‘ಆರಾಮ ಅದೀರಿ?’ ಎಂಬಲ್ಲಿಗೆ ಮುಗಿಯುತ್ತದೆ, ಅದರ ಮುಂದೆ ಹೋದರೆ ನಿನ್ನ ದನಿ ಏರುತ್ತದೆ, ನಿನ್ನದು ಏರಿದರೆ ನನ್ನದೇನು ಕೆಳಗಿರುತ್ತದೆಯೇ. ನಾನು ಏಳನೇ ಇಯತ್ತೆವರೆಗೆ ಸಾಲಿ ಕಲಿತವಳು, ಮಹಿಳಾ ಸಂಘದಲ್ಲಿ ನಡಾವಳಿ ಬರೆದು ಬರೆದು ಕೈ ಪಳಗಿದೆ. ಬರೆಯುವಾಗ ನಡುವೆ ಬಾಯಿ ಹಾಕುವವರು ಇರುವುದಿಲ್ಲ, ಅದೇ ಸುಖ. ಬಾಜೂ ಮನೆಯ ಅನ್ನಪೂರ್ಣಾ ಇಂದು ಮಧ್ಯಾಹ್ನದ ಬಸ್ಸಿಗೆ ಗೋಕಾಕಕ್ಕೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಜೋಳ, ರೊಟ್ಟಿಗೆ ಹಚ್ಚಿಕೊಳ್ಳಲು ಒಂದಿಷ್ಟು ಗುರೆಳ್ಳು ಹಿಂಡಿ, ಈ ಕಾಗದ ಕೊಟ್ಟು ಕಳಿಸುತ್ತೇನೆ. ಹೆಂಗಸರಿಗೆ ತಿಕೀಟು ಇಲ್ಲದ ಮೇಲೆ ಚೀಲಕ್ಕೂ ಜೀವ ಬಂದಿದೆ, ಊರಿಂದ ಪೇಟೆಗೆ ಪೇಟೆಯಿಂದ ಊರಿಗೆ ತಿರುಗಾಡುತ್ತಲೇ ಇರುತ್ತದೆ. ಬಸ್ಸಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ಗಂಡಸರು ಮುಖ ಗಂಟು ಹಾಕಿಕೊಂಡು ಕೂತಿರುತ್ತಾರೆ. ಕೂತಿರಲಿ. ಅದೊಂದು ಇಲ್ಲದಿದ್ದರೆ ನಾನು ಮೊಮ್ಮಗಳ ಮುಖ ನೋಡಲು ಹಬ್ಬಕ್ಕೆ ಕಾಯಬೇಕಾಗುತ್ತಿತ್ತು.

ಅಂದು ನಿಮ್ಮ ಕೋಣೆ ನೋಡಿ ಬಂದಾಗಿನಿಂದ ನನಗೆ ಸರಿಯಾಗಿ ಊಟ ಸೇರಿಲ್ಲ. ನಾನೇನೋ ತಿಳಿದಿದ್ದೆ, ಇಬ್ಬರೂ ಪೇಟೆ ಸೇರಿದರು, ಕೈಯಲ್ಲಿ ಪಗಾರ ಆಡುತ್ತದೆ, ಈ ಮುದುಕಿಯ ಕೈಕೆಳಗೆ ಯಾಕಿರಬೇಕು ಎಂದು ಹೋದರು ಅಂತ. ಅಲ್ಲಿ ನೋಡಿದರೆ ಕೊಡ ನೀರಿಗೂ ರೊಕ್ಕ, ಸಿಲಿಂಡರಿಗೂ ರೊಕ್ಕ, ಕೊತ್ತಂಬರಿ ಸೊಪ್ಪಿನ ಎಸಳಿಗೂ ರೊಕ್ಕ. ಇಲ್ಲಿ ನಮ್ಮ ಕೈಯಲ್ಲಿ ನಾಲ್ಕು ಕಾಸು ಇರುವುದಿಲ್ಲ ಖರೆ, ಆದರೆ ಹಿತ್ತಲಲ್ಲಿ ತೊಗರಿ ಕಟ್ಟಿಗೆ ಇದೆ, ಯಾರದೋ ಮನೆಯಲ್ಲಿ ಮಜ್ಜಿಗೆ ಇದೆ, ಒಂದು ಹೊತ್ತು ಇಲ್ಲದಿದ್ದರೆ ಅನ್ನಪೂರ್ಣಾ ಗೋಡೆ ಮೇಲಿಂದ ಪಲ್ಯ ದಾಟಿಸುತ್ತಾಳೆ. ನಿಮಗೆ ಅಲ್ಲಿ ಗೋಡೆ ಆಚೆ ಯಾರಿದ್ದಾರೆ ಎಂದೇ ಗೊತ್ತಿಲ್ಲ. ಸಿದ್ರಾಯ ಬಿದ್ದಂದಿನಿಂದ ದುಡಿಯುವ ಕೈ ನಿನ್ನದೊಂದೇ, ಅದೂ ಸುಟ್ಟದ್ದು. ನಿನ್ನ ಹೆಸರಿಗೆ ಬರುವ ಲಕ್ಷ್ಮಿ ರೊಕ್ಕ ಬಂದಷ್ಟೇ ಬೇಗ ಬಾಡಿಗೆಗೆ ಹೋಗುತ್ತದೆ ಎಂದು ಸಿದ್ರಾಯ ಹೇಳಿದ, ನೀನು ಹೇಳಲಿಲ್ಲ. ರೇಷನ್ ಕಾರ್ಡಿನ ಮೇಲೆ ಅಲ್ಲಿಯೇ ಅಕ್ಕಿ ಸಿಗುತ್ತದೆ, ಅದೊಂದು ಪುಣ್ಯ. ಆದರೆ ಅಕ್ಕಿ ಉಂಡರೆ ನಮ್ಮವರಿಗೆ ಉಂಡ ಹಾಗೆ ಆಗುವುದೇ ಇಲ್ಲ, ಅದಕ್ಕೇ ನಾನು ಜೋಳ ಹೊತ್ತು ತರುವುದು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನಿನ್ನ ಕಾರ್ಡು ಹೋದರೆ ನಿನಗೇನು ಹೋಗುತ್ತದೆ ಎಂಬುದು ನನಗೆ ಗೊತ್ತಿಲ್ಲವೆಂದು ನೀನು ತಿಳಿಯಬಾರದು. ಅಕ್ಕಿ ಹೋಗುತ್ತದೆ, ಬಾಡಿಗೆ ಹೋಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಳಗಾವಿ ದವಾಖಾನೆಯಲ್ಲಿ ಆ ಕಾರ್ಡು ತೋರಿಸಿಯೇ ಸಿದ್ರಾಯನನ್ನು ಒಳಗೆ ತೆಗೆದುಕೊಂಡದ್ದು. ಅದಿಲ್ಲದೆ ಎರಡನೆಯ ಆಪರೇಷನ್ ನಮ್ಮ ಕೈಯಿಂದ ಆಗುವ ಮಾತಲ್ಲ, ಇದ್ದಬದ್ದ ಕುರಿ ಎಲ್ಲ ಮಾರಿದರೂ.

ಗಾಬರಿಯಾಗಬೇಡ. ಪೂರಾ ಓದು.

ಹೋದ ಗುರುವಾರ ಆಹಾರ ಇಲಾಖೆಯ ಸಾಹೇಬರೊಬ್ಬರು ಮನೆಗೆ ಬಂದಿದ್ದರು. ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ‘ಭೀಮಶಿಯವರ ಮನಿ ಇದ ಏನ್ರಿ ಅವ್ವಾರ?’ ಎಂದು ನಿನ್ನ ಮಾವನ ಹೆಸರು ಹಿಡಿದು ಕೇಳಿ ಚಪ್ಪಲಿ ಕಳಚಿ ಒಳಗೆ ಬಂದರು. ಕೆಟ್ಟ ಮನುಷ್ಯ ಅಲ್ಲ, ನಡೆದು ನಡೆದು ಸುಸ್ತಾಗಿದ್ದ, ನೀರು ಕೇಳಿ ಕುಡಿದ. ಒಂದೇ ಮನೆಯಲ್ಲಿ ಎರಡೆರಡು ಕಾರ್ಡು ಇರುವವರನ್ನು ನೋಡಿಕೊಂಡು ಬರಲು ಹೇಳಿದ್ದಾರಂತೆ. ಅಡುಗೆಮನೆಯ ಒಲೆ ನೋಡಿದ. ಹಿತ್ತಲಲ್ಲಿ ಕುರಿಮರಿ ಕಟ್ಟುವ ಛಪ್ಪರದ ಕೆಳಗಿನ ನಿನ್ನ ಒಲೆಯನ್ನೂ ನೋಡಿದ. ಅದರೊಳಗೆ ನಮ್ಮ ಕೆಂದು ಕೋಳಿ ಕಾವಿಗೆ ಕೂತಿತ್ತು. ‘ಇದು ಯಾರ ಒಲಿ?’ ಅಂದ. ದೀಪಾ, ನಾನು ಏನು ಹೇಳಬೇಕಾಗಿತ್ತು ಎಂದು ನಿನಗೂ ಗೊತ್ತು ನನಗೂ ಗೊತ್ತು. ಎರಡು ವರ್ಷದ ಹಿಂದೆ ನಾವಿಬ್ಬರೂ ಅದನ್ನು ಬಾಯಿಪಾಠ ಮಾಡಿದ್ದೆವು. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಬೇರೆಯದೇ ಬಂತು. ‘ಅದು ಒಲಿ ಅಲ್ರಿ ಸಾಹೇಬರ, ಕಡ್ಡಿಪೆಟಗಿ ಒಲಿ. ಕೆಂಡ ಕೊಟ್ಟಿಲ್ಲ ನಾ. ನಮ್ಮದು ಒಂದ ಮನಿ’ ಅಂದುಬಿಟ್ಟೆ. ಅಂದದ್ದೂ ಎಷ್ಟು ಸೆಟೆದುಕೊಂಡು ಅನ್ನುತ್ತೀಯ!

ನಮ್ಮ ಮನೆತನದ ಈ ರೂಢಿ ನಿನಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ, ಮೂಡಲಗಿಯ ನಿನ್ನ ತವರಿನಲ್ಲಿ ಇದು ಇಲ್ಲ. ನಮ್ಮಲ್ಲಿ ಒಲೆ ಬೇರೆ ಮಾಡುವುದೆಂದರೆ ಗೋಡೆ ಎಬ್ಬಿಸುವುದಲ್ಲ, ಪಾತ್ರೆ ಹಂಚುವುದಲ್ಲ. ಅತ್ತೆಯಾದವಳು ತನ್ನ ಒಲೆಯಿಂದ ಒಂದು ಕೆಂಡ ತೆಗೆದು, ಒಡೆದ ಹಂಚಿನ ತುಂಡಿನ ಮೇಲೆ ಇಟ್ಟು, ಹಿರಿಯರ ಎದುರಿಗೆ ಸೊಸೆಯ ಕೈಗೆ ಕೊಡಬೇಕು. ಕೊಡುವವಳು ‘ನಿನ್ನ ಒಲಿ ಆರದಿರಲಿ’ ಅನ್ನಬೇಕು. ತೆಗೆದುಕೊಳ್ಳುವವಳು ‘ನಿಮ್ಮದೂ ಆರದಿರಲಿ ಅತ್ತಿ’ ಅನ್ನಬೇಕು. ಆ ಕೆಂಡದಿಂದ ಹೊತ್ತಿಸಿದರೆ ಮಾತ್ರ ಅದು ಬೇರೆ ಮನೆ. ಹಾಗೆ ಕೊಡದ ಒಲೆಯಲ್ಲಿ ನೂರು ಜನಕ್ಕೆ ಬೇಯಿಸಿದರೂ ಅದು ಅದೇ ಮನೆಯ ಇನ್ನೊಂದು ಮೂಲೆ, ಅಷ್ಟೇ. ನನ್ನ ಅತ್ತೆ ನನಗೆ ಕೆಂಡ ಕೊಟ್ಟವಳಲ್ಲ. ಒಲೆಯನ್ನೇ ನನ್ನ ಕೈಯಲ್ಲಿ ಬಿಟ್ಟು ಹೋದಳು.

ಅದಕ್ಕೇ ಅಂದು, ಕಾರ್ಡು ಎರಡು ಮಾಡಿಸಿದರೆ ಲಕ್ಷ್ಮಿ ರೊಕ್ಕ ಇಬ್ಬರಿಗೂ ಬರುತ್ತದೆ, ಉದ್ಯೋಗ ಖಾತ್ರಿ ಕೆಲಸವೂ ಎರಡು ಮನೆಗೆ ಸಿಗುತ್ತದೆ ಎಂದು ಊರೆಲ್ಲ ಹಾಗೆ ಮಾಡುತ್ತಿದ್ದಾಗ, ನಾನೂ ಒಪ್ಪಿಕೊಂಡು ಹಿತ್ತಲಲ್ಲಿ ನಿನಗೆ ಒಲೆ ಹಾಕಿಕೊಟ್ಟೆ. ಮಣ್ಣು ನಾನೇ ತುಳಿದೆ. ಆದರೆ ಹೊತ್ತಿಸುವಾಗ ನೀನು ಒಳಗಿನಿಂದ ಕೊಳ್ಳಿ ತರಲು ಹೋದರೆ ಕೈ ಹಿಡಿದು ಕಡ್ಡಿಪೆಟ್ಟಿಗೆ ಕೊಟ್ಟೆ. ಕಡ್ಡಿ ಗೀರಿ ಹೊತ್ತಿಸಿದರೆ ಸರಕಾರಕ್ಕೆ ಎರಡು ಮನೆ, ದೇವರಿಗೆ ಒಂದು ಮನೆ ಎಂದು ನನ್ನ ಲೆಕ್ಕ. ನೀನು ಆಗ ಮುಖ ಸಣ್ಣದು ಮಾಡಿಕೊಂಡೆ, ನಾನು ಕಂಡೆ; ಹೊಸ ಒಲೆಗೆ ಮನೆಯ ಬೆಂಕಿಯನ್ನೂ ಕೊಡದವಳು ಅಂದುಕೊಂಡಿರಬೇಕು. ನಾನು ಕೊಡದೆ ಇದ್ದದ್ದು ನಿನ್ನನ್ನು ಬಿಡಲು ಮನಸ್ಸಿಲ್ಲದ್ದಕ್ಕೆ. ಹೇಳಿದ್ದರೆ ಆಗುತ್ತಿತ್ತು. ನಮ್ಮ ಮನೆಯಲ್ಲಿ ಒಳ್ಳೆಯ ಮಾತು ಹೇಳುವ ರೂಢಿ ಒಂದು ಬಿಟ್ಟು ಉಳಿದೆಲ್ಲ ರೂಢಿ ಇವೆ.

ಆಮೇಲೆ ಏನಾಯಿತು ನಿನಗೆ ಗೊತ್ತೇ ಇದೆ. ತೋರಿಸಲು ಹಾಕಿದ ಒಲೆಯಲ್ಲಿ ನೀನು ಮೊದಲು ಕೂಸಿಗೆ ಗಂಜಿ ಕಾಸಿದೆ, ಆಮೇಲೆ ನಿನ್ನ ಚಹಾ, ಆಮೇಲೆ ಸಿದ್ರಾಯನ ಪಲ್ಯ. ‘ಕಾರ್ಡಿನ್ಯಾಗ ನಾನೂ ಯಜಮಾನಿ ಅಂತ ಬರದಾರ್ರಿ ಅತ್ತಿ, ನೀವೊಬ್ಬರ ಅಲ್ಲ’ ಎಂದು ನೀನಂದೆ. ‘ಕಾಗದದ ಮ್ಯಾಲಿನ ಯಜಮಾನಿ ಕಾಗದದಾಗ ಇರಲಿ’ ಎಂದು ನಾನಂದೆ. ನೀವು ಗೋಕಾಕದ ಬಸ್ಸು ಹತ್ತಿದ ದಿನ ನಿನ್ನ ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ನಾನು ಅದನ್ನು ಬಳಿದು ಹಾಕಲಿಲ್ಲ. ಕೋಳಿ ಬಂದು ತನ್ನದೆಂದು ಹಿಡಿದುಕೊಂಡಿತು, ಅದಕ್ಕೂ ಬೇಡ ಅನ್ನಲಿಲ್ಲ.

ಸಾಹೇಬರು ನನ್ನ ಮಾತು ಕೇಳಿ ನಗಲಿಲ್ಲ. ‘ಒಂದ ಮನಿ ಇದ್ರ ಹಿಂದಾಗಡೆ ಮಾಡಿಸಿದ ಕಾರ್ಡ ರದ್ದ ಆಗತೈತ್ರಿ ಅವ್ವಾರ. ಮ್ಯಾಲಿನವರು ಕಡಿಮಿ ಮಾಡ್ರಿ ಅಂತಾರ, ನಾ ಏನ ಮಾಡ್ಲಿ’ ಅಂದ. ಹಿಂದಿನಿಂದ ಮಾಡಿಸಿದ್ದು ನಿನ್ನದು. ನನಗೆ ಆಗಲೂ ತಲೆಗೆ ಹೋಗಲಿಲ್ಲ. ಅನ್ನಪೂರ್ಣಾ ಗೋಡೆ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದವಳು ಹಣೆ ಬಡಿದುಕೊಂಡಳು: ‘ಏನ ಮಾಡಿದಿ ಯವ್ವಾ! ನಿನ್ನ ಮಗನ ಕಾಲು ಆ ಕಾರ್ಡಿನ ಮ್ಯಾಲೆ ನಿಂತೈತಿ!’ ಆಗ ತಿಳಿಯಿತು. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಸಾಹೇಬರ ಹಿಂದೆ ಓಡಿದೆ, ಓಡಿದೆ ಅಂದರೆ ನನ್ನ ಮೊಳಕಾಲು ಎಷ್ಟು ಓಡಗೊಟ್ಟಿತೋ ಅಷ್ಟು. ಮಗ ಬಿದ್ದದ್ದು, ರಾಡು, ಬೆಳಗಾವಿ ಎಲ್ಲ ಒದರಿದೆ. ಅವನು ನಿಂತು ಕೇಳಿದ. ‘ಸೋಮವಾರ ಮತ್ತ ಈ ಕಡೆ ಬರತೇನಿ. ಅಲ್ಲಿತನಕ ನಿಮ್ಮದೇನೂ ಬರಿಯೂದಿಲ್ಲ. ಬ್ಯಾರೆ ಇದ್ರ ಬ್ಯಾರೆ ಇರೂದು ಕಣ್ಣಿಗೆ ಕಾಣಬೇಕ್ರಿ’ ಎಂದು ಹೇಳಿ ಹೋದ.

ನಿನ್ನ ಮಾವನಿಗೆ ಹೇಳಿ ಕಳಿಸಿದೆ, ಮರುದಿನ ಬಂದರು. ಎಲ್ಲ ಕೇಳಿದರು. ಎಷ್ಟೋ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತರು, ನನಗೆ ಆ ಸುಣ್ಣದ ಡಬ್ಬಿ ಕಸಿದು ಬೀಸಾಡಬೇಕು ಅನಿಸಿತು. ಕಡೆಗೆ ‘ಕೆಂಡ ಕೊಟ್ಟ ಬಿಡು’ ಅಂದರು. ನಾನು ಸಿಡಿದೆ, ‘ಮನಿ ಒಡಿ ಅಂತೀರೇನು ನನಗ? ನನ್ನ ಕೈಯಾರೆ?’ ಎಂದು ಕೂಗಿದೆ. ಅವರು ದನಿ ಎತ್ತಲಿಲ್ಲ. ‘ಮನಿ ಎಂದೋ ಒಡದೈತಿ ಶೆಟ್ಟೆವ್ವ. ನೀ ಒಬ್ಬಾಕಿ ಹಿಡಕೊಂಡ ಕುಂತಿ’ ಅಂದರು. ನಲವತ್ತು ವರ್ಷದಲ್ಲಿ ಆ ಮನುಷ್ಯ ನನ್ನನ್ನು ಹೆಸರು ಹಿಡಿದು ಕರೆದದ್ದು ಬಹಳ ಕಡಿಮೆ. ನಾನು ಅತ್ತುಬಿಟ್ಟೆ ದೀಪಾ, ಮುಚ್ಚಿಡುವುದೇನು. ನೀವು ಹೋದ ದಿನ ಅಳಲಿಲ್ಲ, ಹಟ ಇತ್ತು. ಮೊನ್ನೆ ಶುಕ್ರವಾರ ಹಟವೂ ಇರಲಿಲ್ಲ, ಸಾಕಾಗಿ ಹೋಗಿತ್ತು. ಒಂದು ಹೊತ್ತಿಗೆ ಉಣ್ಣಲು, ಒಂದು ಕಾಲು ನೆಟ್ಟಗಾಗಲು ಎಷ್ಟು ಸಲ ನಾವು ಏನೇನೋ ಆಗಿ ತೋರಿಸಬೇಕು ಎಂದು ಯೋಚಿಸಿಯೇ ದಣಿವಾಯಿತು. ಒಟ್ಟಿಗಿದ್ದಾಗ ಬೇರೆ ಇದ್ದೇವೆ ಅನ್ನಬೇಕು. ಬೇರೆ ಆದಮೇಲೆ ಬೇರೆ ಇರುವುದನ್ನು ತೋರಿಸಬೇಕು. ಇದ್ದ ಹಾಗೆ ಇದ್ದು ಒಂದು ತುತ್ತು ಉಣ್ಣುವುದು ಯಾರ ಹಣೆಯಲ್ಲಿ ಬರೆದಿದೆಯೋ.

ಶನಿವಾರ ಬೆಳಿಗ್ಗೆ ನಮ್ಮ ಮನೆತನದ ಹಿರಿಯ ಸತ್ಯಪ್ಪಜ್ಜನನ್ನು ಕರೆಸಿದೆವು. ನೆರೆಹೊರೆಯವರೂ ಬಂದು ನಿಂತರು. ಅಜ್ಜ ಒಂದು ಕೊಕ್ಕೆ ತೆಗೆದ. ‘ಕೊಡಾಕಿ ಇದ್ದಿ, ತೊಗೊಳ್ಳಾಕಿ ಎಲ್ಲಿ?’ ಅಂದ. ನಿನ್ನನ್ನು ಕರೆಸಬಹುದಿತ್ತು. ಆದರೆ ಒಂದು ದಿನ ತಪ್ಪಿಸಿದರೆ ನಿನ್ನ ಪಗಾರ ಕಡಿಯುತ್ತಾರೆ, ಮೇಲಾಗಿ ನೀನು ಬಂದು ನಿಂತರೆ ನನಗೆ ಕೊಡಲು ಆಗುತ್ತಿರಲಿಲ್ಲ. ಹಾಗಾಗಿ ‘ಎರಡೂ ನಾನ ಮಾಡತೇನಿ’ ಅಂದೆ. ಅಜ್ಜ ಗೊಣಗಿದ, ಹಿಂದೆ ಹಾಗೆ ಆಗಿದ್ದು ತನಗೆ ನೆನಪಿಲ್ಲ ಅಂದ. ನಿನ್ನ ಮಾವ ‘ಹಿಂದ ಕಾರ್ಡೂ ಇರಲಿಲ್ಲ’ ಅಂದದ್ದಕ್ಕೆ ತಲೆ ಆಡಿಸಿದ.

ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ಸಾಗಿಸಿದೆ, ಅದು ನನ್ನ ಕೈಯನ್ನು ಚೆನ್ನಾಗಿ ಕುಕ್ಕಿತು. ನಿನ್ನ ಒಲೆ ಸಾರಿಸಿದೆ. ನಮ್ಮ ಒಲೆಯಿಂದ ಒಳ್ಳೆಯ ಕೆಂಡ ಆರಿಸಿ ಹಂಚಿನ ತುಂಡಿನ ಮೇಲೆ ಇಟ್ಟು ‘ನಿನ್ನ ಒಲಿ ಆರದಿರಲಿ’ ಅಂದೆ. ಎದುರಿಗೆ ಯಾರೂ ಇಲ್ಲ, ಬಾಗಿಲ ಬೆಳಕು ಅಷ್ಟೇ. ಆಮೇಲೆ ಹಂಚನ್ನು ಎರಡೂ ಕೈಯಲ್ಲಿ ಹಿಡಿದು ನಿನ್ನ ಮಾತು ಹೇಳಬೇಕು. ‘ನಿಮ್ಮದೂ ಆರದಿರಲಿ’ ಎನ್ನುವವರೆಗೆ ಬಂತು, ‘ಅತ್ತಿ’ ಎನ್ನುವಲ್ಲಿ ತಡೆದು ಮತ್ತೆ ಮೊದಲಿಂದ ಹೇಳಿದೆ. ನನ್ನ ಅತ್ತೆ ತೀರಿಕೊಂಡ ಮೇಲೆ ಆ ಶಬ್ದ ನನ್ನ ಬಾಯಲ್ಲಿ ಬಂದೇ ಇರಲಿಲ್ಲ. ಎಷ್ಟು ಭಾರದ ಶಬ್ದ ಅದು! ನೀನು ಅದನ್ನು ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದೆ, ನಾನು ಓ ಅನ್ನುತ್ತಲೂ ಇರಲಿಲ್ಲ. ಹಿತ್ತಲು ದಾಟುವಾಗ ಗಾಳಿಗೆ ಕೆಂಡ ಮಂಕಾಯಿತು, ಊದಿ ಊದಿ ಒಯ್ದು ಹೊತ್ತಿಸಿದೆ. ನಮ್ಮ ಆಡಿನ ಹಾಲು ಇಟ್ಟು ಉಕ್ಕಿಸಿ ಎಲ್ಲರಿಗೂ ಚೂರು ಚೂರು ಹಂಚಿದೆ. ಅನ್ನಪೂರ್ಣಾ ಕಣ್ಣೊರೆಸಿಕೊಂಡಳು, ಹೊಗೆ ಅಂದಳು. ನಾನೂ ಹೊಗೆ ಅಂದೆ.

ಹೀಗೆ ಈಗ ನೀನು ಖರೆಯೇ ಬೇರೆ ಮನೆಯವಳು. ಸುಳ್ಳೇನೂ ಉಳಿದಿಲ್ಲ. ನಿನ್ನೆ ಸೋಮವಾರ ಸಾಹೇಬರು ಹೇಳಿದ ಹಾಗೆ ಬಂದರು, ನೋಡಿದರು. ನಿನ್ನ ಕಾರ್ಡಿಗೆ ಏನೂ ಆಗುವುದಿಲ್ಲ, ಅದನ್ನು ಅವರ ಬಾಯಿಂದಲೇ ಹೇಳಿಸಿಕೊಂಡಿದ್ದೇನೆ. ಸಂಕ್ರಾಂತಿ ಆದಮೇಲೆ ಧೈರ್ಯವಾಗಿ ಬೆಳಗಾವಿಗೆ ಹೋಗಿ ಬನ್ನಿ. ಸಿದ್ರಾಯನಿಗೆ ಅವ್ವ ಕೇಳಿದಳೆಂದು ಹೇಳು. ಪದ್ಮಶ್ರೀಗೆ ಹಿಂಡಿ ಬಹಳ ಕೊಡಬೇಡ, ಕೆಮ್ಮು ಕೆರಳುತ್ತದೆ. ಬೇಕೇ ಬೇಕು ಎಂದು ಅತ್ತರೆ ರೊಟ್ಟಿಗೆ ಎಣ್ಣೆ ಜಾಸ್ತಿ ಹಾಕಿ ಸವರಿ ಕೊಡು. ಕೋಳಿ ಸಿಟ್ಟು ಮರೆತು ಬುಟ್ಟಿಯಲ್ಲೇ ಕಾವಿಗೆ ಕೂತಿದೆ ಎಂದು ಅವಳಿಗೆ ತಿಳಿಸು, ಮರಿ ಆದಮೇಲೆ ಒಂದು ಅವಳದು. ನಿನ್ನ ಮಾವ ನಿಮ್ಮೆಲ್ಲರನ್ನೂ ನೆನೆಸಿದ್ದಾರೆ, ಬಾಯಿ ಬಿಟ್ಟು ಹೇಳಲಿಲ್ಲ, ಜೋಳದ ಚೀಲದ ಬಾಯಿಯನ್ನು ಅವರೇ ಹೊಲಿದರು. ನಿಮ್ಮ ಮೂವರ ಹೊಟ್ಟೆ ತಣ್ಣಗಿರಲಿ, ಮೈ ಗಟ್ಟಿಯಿರಲಿ.

ನಿನ್ನ ಅತ್ತೆ,
ಶೆಟ್ಟೆವ್ವ

ತಾ.ಕ.: ಅನ್ನಪೂರ್ಣಾ ಬಾಗಿಲಲ್ಲಿ ನಿಂತು ‘ಬಸ್ಸು ಬಂತಂದ್ರ ನಿನ್ನ ಕಾಗದ ಇಲ್ಲೇ ಉಳೀತೈತಿ’ ಎಂದು ಬೈಯುತ್ತಿದ್ದಾಳೆ, ಅದಕ್ಕೇ ಅಕ್ಷರ ಹೀಗೆ. ಮೇಲೆ ಒಂದು ಮಾತು ಬಿಟ್ಟೆ. ಕೊಟ್ಟ ಬೆಂಕಿ, ತೆಗೆದುಕೊಂಡವಳು ತನ್ನ ಕೈಯಾರೆ ಅಡುಗೆ ಮಾಡುವವರೆಗೆ ಆರಬಾರದು ಎಂದು ಸತ್ಯಪ್ಪಜ್ಜ ಹೇಳಿದ. ಈ ಮೊಳಕಾಲಿನಲ್ಲಿ ಒಳಗೊಂದು ಹೊರಗೊಂದು ಎರಡು ಒಲೆ ಉರಿಸಲು ನನ್ನಿಂದ ಆಗಲಿಲ್ಲ. ಶನಿವಾರದಿಂದ ಹಿತ್ತಲಲ್ಲಿ ನಿನ್ನ ಒಲೆಯ ಮೇಲೇ ಬೇಯಿಸುತ್ತಿದ್ದೇನೆ, ನಿನ್ನ ಮಾವ ಬಂದರೆ ಅಲ್ಲೇ ಉಣ್ಣುತ್ತಾರೆ. ಸಾಹೇಬರು ನಿನ್ನೆ ಎರಡರ ಬೂದಿಯನ್ನೂ ಕೈಯಿಂದ ಮುಟ್ಟಿ ನೋಡಿದರು. ‘ಅವ್ವಾರ, ಈಗೂ ಉರಿಯಾಕತ್ತಿದ್ದು ಒಂದ ಒಲಿ. ಒಂದ ಕಾರ್ಡ ಹೋಗಬೇಕಾಕೈತಿ’ ಅಂದರು. ನಾನು ‘ಆರಿದ ಒಲಿದು ತಗೀರಿ’ ಅಂದೆ. ಆ ಮನುಷ್ಯ ಚೀಲದಿಂದ ಕಾಗದ ತೆಗೆದ, ತೋರಿಸಿದ ಕಡೆ ನಾನು ಸಹಿ ಮಾಡಿದೆ. ಹಾಗಾಗಿ ಇನ್ನು ನನ್ನ ಹೆಸರಿಗೆ ಅಕ್ಕಿಯೂ ಇಲ್ಲ, ಲಕ್ಷ್ಮಿಯೂ ಇಲ್ಲ, ಕುರಿ ಬಿಟ್ಟರೆ ನಾನು ಯಾರ ಯಜಮಾನಿಯೂ ಅಲ್ಲ. ನನ್ನ, ನಿನ್ನ ಮಾವನ ಹೆಸರನ್ನು ನಿನ್ನ ಕಾರ್ಡಿನಲ್ಲಿ ಸೇರಿಸಬಹುದಂತೆ. ಅದಕ್ಕೆ ಯಜಮಾನಿಯೇ ಬಂದು ಬೆರಳಚ್ಚು ಕೊಡಬೇಕಂತೆ. ರವಿವಾರ ನಿನಗೆ ರಜೆ, ಇಲ್ಲಿಯ ಅರ್ಜಿ ತುಂಬುವ ಅಂಗಡಿಯವನೂ ರವಿವಾರ ತೆರೆಯುತ್ತಾನೆ. ಬೆಳಗಿನ ಬಸ್ಸಿಗೆ ಬಾ. ನೀನು ಸೇರಿಸದಿದ್ದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳು, ಮಾಡಿಕೊಳ್ಳುತ್ತೇನೆ. ಸಂಬಂಧ ಏನು ಎಂದು ಕೇಳುತ್ತಾರೆ. ಅತ್ತೆ ಎಂದು ಹೇಳು, ಈ ಸಲ ನಾನು ಹಿಂದೆ ನಿಂತು ಓ ಅನ್ನುತ್ತೇನೆ. ಬರುವಾಗ ಕಡ್ಡಿಪೆಟ್ಟಿಗೆ ತರಬೇಡ. ನಿನ್ನ ಒಲೆಯಲ್ಲಿ ಬೆಂಕಿ ಇದೆ.